ಪ್ರಾರ್ಥಿಸಿದರೂ ಪತಿ ಉಳಿಯಲಿಲ್ಲ. ನನ್ನ ವಿಶ್ವಾಸ ಕಡಿಮೆಯಿತ್ತೇ?

ಪ್ರಶ್ನೆ: ನಾನು ಉಡುಪಿಯ ಕಲ್ಯಾಣಪುರ ಸಮೀಪದವಳು, ವಯಸ್ಸು 52. ಕಳೆದ ವರ್ಷ ಪತಿ ಕ್ಯಾನ್ಸರ್‌ನಿಂದ ತೀರಿಕೊಂಡರು. ಅವರು ಗುಣವಾದರೆ ಕಾರ್ಕಳದ ಅತ್ತೂರಿನ ಸಂತ ಲಾರೆನ್ಸರ ಪುಣ್ಯಕ್ಷೇತ್ರಕ್ಕೆ ನಡೆದು ಬರುತ್ತೇನೆಂದು ಹರಕೆ ಹೊತ್ತಿದ್ದೆ. ‘ನಿಮ್ಮ ವಿಶ್ವಾಸ ಪೂರ್ಣವಾಗಿದ್ದರೆ ಅವರು ಬದುಕುತ್ತಿದ್ದರು’ ಎಂದು ಪ್ರಾರ್ಥನಾಕೂಟವೊಂದರಲ್ಲಿ ಹೇಳಿದರು. ಈಗ ಸಂಜೆ ತೇರ್ಸ್ ಎಂಬ ಜಪಸರ ಪ್ರಾರ್ಥನೆಗೆ ಕುಳಿತರೆ ತುಟಿ ಮಾತ್ರ ಆಡುತ್ತದೆ, ಮನಸ್ಸು ಕಲ್ಲಿನಂತಿರುತ್ತದೆ. ನನ್ನಲ್ಲಿ ವಿಶ್ವಾಸ ಉಳಿದಿದೆಯೇ? ಹರಕೆಯನ್ನು ಏನು ಮಾಡಲಿ?

ಉತ್ತರ: ಸಹೋದರಿಯವರೇ, ನಿಮಗೆ ಅಲ್ಲಿ ಹೇಳಿದ ಮಾತು ಸರಿಯಲ್ಲ ಎಂಬುದನ್ನು ಎಲ್ಲಕ್ಕಿಂತ ಮೊದಲು ಸ್ಪಷ್ಟಪಡಿಸುತ್ತೇನೆ. ‘ನಿನ್ನ ವಿಶ್ವಾಸವೇ ನಿನ್ನನ್ನು ಗುಣಪಡಿಸಿದೆ’ ಎಂದು ಯೇಸುಸ್ವಾಮಿ ಕೆಲವರಿಗೆ ಹೇಳಿದ್ದು ನಿಜ. ಆದರೆ ತಮ್ಮ ಬಳಿಗೆ ಬಂದ ರೋಗಿಯನ್ನು ‘ನಿನಗೆ ವಿಶ್ವಾಸ ಸಾಲದು’ ಎಂದು ವಾಸಿಮಾಡದೆ ಕಳುಹಿಸಿದ ಒಂದು ಪ್ರಸಂಗವೂ ಬೈಬಲಿನ ನಾಲ್ಕು ಶುಭಸಂದೇಶಗಳಲ್ಲಿಲ್ಲ. ಮತ್ತಾಯನ 17ನೇ ಅಧ್ಯಾಯದಲ್ಲಿ ‘ಅಲ್ಪವಿಶ್ವಾಸ’ ಎಂಬ ಗದರಿಕೆ ಯಾರಿಗೆ ಬೀಳುತ್ತದೆಂದು ನೋಡಿ. ಮೂರ್ಛೆರೋಗದ ಹುಡುಗನಿಗಲ್ಲ, ಅವನ ತಂದೆಗೂ ಅಲ್ಲ, ಅವನನ್ನು ವಾಸಿಮಾಡಲು ಹೋಗಿ ಸೋತ ಶಿಷ್ಯರಿಗೆ. ಇದೇ ಘಟನೆಯನ್ನು ಮಾರ್ಕನು ಹೇಳುವಾಗ ಆ ತಂದೆ ‘ನಂಬುತ್ತೇನೆ, ನನ್ನ ಅಪನಂಬಿಕೆಯನ್ನು ನೀಗಿಸಿ’ ಎಂದು ಕೂಗುತ್ತಾನೆ. ಸಂದೇಹ ಬೆರೆತ ಆ ಮೊರೆಯನ್ನು ಯೇಸು ತಳ್ಳಿಹಾಕಲಿಲ್ಲ.

ಪ್ರೇಷಿತ ಪೌಲರ ವಿಶ್ವಾಸವನ್ನು ಯಾರೂ ಶಂಕಿಸಲಾರರು. ತಮ್ಮ ದೇಹದಲ್ಲಿ ನಾಟಿದ ಮುಳ್ಳನ್ನು ತೆಗೆಯುವಂತೆ ಮೂರು ಬಾರಿ ಬೇಡಿಕೊಂಡರೂ ಅದು ಹೋಗಲಿಲ್ಲವೆಂದು ಅವರೇ ಕೊರಿಂಥದವರಿಗೆ ಬರೆದಿದ್ದಾರೆ. ತಿಮೊಥೇಯನಿಗೆ ಬರೆದ ಎರಡನೆಯ ಪತ್ರದ ಕೊನೆಯಲ್ಲಿ, ಕಾಯಿಲೆ ಬಿದ್ದಿದ್ದ ತ್ರೊಫಿಮನನ್ನು ಮಿಲೇತದಲ್ಲಿ ಬಿಟ್ಟುಬಂದೆನೆಂಬ ಒಂದು ಸಾಲಿದೆ. ಅದರಲ್ಲಿ ತ್ರೊಫಿಮನ ವಿಶ್ವಾಸವನ್ನು ದೂರುವ ಒಂದು ಪದವೂ ಇಲ್ಲ. ನನ್ನದೇ ಕಷ್ಟದ ದಿನಗಳಲ್ಲಿ ಆ ಪುಟ್ಟ ಸಾಲು ನನಗೆ ಬಹಳ ಸಮಾಧಾನ ಕೊಟ್ಟಿದೆ.

ನಮ್ಮ ಕರಾವಳಿಯಲ್ಲಿ ಕಥೋಲಿಕರು ಕನ್ನಡದಲ್ಲಿ ವಿಶ್ವಾಸ, ಕೊಂಕಣಿಯಲ್ಲಿ ಭಾವಾರ್ಥ್ ಎಂದೂ, 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್ ಎಂಬ ಪ್ರೊಟೆಸ್ಟೆಂಟ್ ಸಂಸ್ಥೆಯ ಪರಂಪರೆಯವರು ನಂಬಿಕೆ ಎಂದೂ ಹೇಳುವ ಈ ಮಾತಿನ ಹಿಂದೆ ‘ಎಮುನಾ’ ಎಂಬ ಹೀಬ್ರೂ ಪದವಿದೆ. ಅದರ ಅರ್ಥ ಮನಸ್ಸಿನ ಉತ್ಸಾಹಕ್ಕಿಂತ ಕದಲದೆ ನಿಲ್ಲುವುದಕ್ಕೆ, ನಿಷ್ಠೆಗೆ ಹೆಚ್ಚು ಹತ್ತಿರ. ಬೈಬಲಿನ ವಿಮೋಚನಕಾಂಡದ 17ನೇ ಅಧ್ಯಾಯದಲ್ಲಿ ಇಸ್ರಯೇಲರಿಗೆ ಅಮಾಲೇಕ್ಯರೊಡನೆ ಯುದ್ಧ ನಡೆಯುವಾಗ ಗುಡ್ಡದ ಮೇಲೆ ಕೈಯೆತ್ತಿ ನಿಂತ ಮೋಶೆಯ ತೋಳುಗಳು ಸೋಲುತ್ತವೆ. ಆಗ ಅವನನ್ನು ಕಲ್ಲಿನ ಮೇಲೆ ಕೂರಿಸಿ, ಆರೋನನೂ ಹೂರನೂ ಎರಡು ಬದಿಯಲ್ಲಿ ನಿಂತು ಕೈಗಳನ್ನು ಎತ್ತಿ ಹಿಡಿಯುತ್ತಾರೆ. ಹೊತ್ತು ಮುಳುಗುವವರೆಗೂ ಆ ಕೈಗಳು ‘ಎಮುನಾ’ ಆಗಿದ್ದವು, ಎಂದರೆ ಅಲುಗದೆ ನಿಂತಿದ್ದವು, ಎಂದು ಮೂಲದಲ್ಲಿದೆ. ‘ನೀತಿವಂತನು ತನ್ನ ವಿಶ್ವಾಸದಿಂದ ಬದುಕುವನು’ ಎಂಬ ಪ್ರವಾದಿ ಹಬಕ್ಕೂಕನ ಮಾತಿನಲ್ಲಿರುವುದೂ, ಪೌಲರು ರೋಮಿನವರಿಗೆ ಬರೆದ ಪತ್ರದ ಆರಂಭದಲ್ಲೇ ಎತ್ತಿಕೊಳ್ಳುವುದೂ ಇದನ್ನೇ.

ಮೋಶೆಯ ತೋಳಿನಲ್ಲಿ ಬಲ ಉಳಿದಿರಲಿಲ್ಲ, ಆದರೂ ಅವನು ಗುಡ್ಡ ಬಿಟ್ಟು ಇಳಿದುಹೋಗಲಿಲ್ಲ. ಮನಸ್ಸು ಕಲ್ಲಾಗಿದ್ದರೂ ಸಂಜೆ ದೀಪ ಹಚ್ಚಿ ಜಪಸರ ಹಿಡಿದು ಕೂರುತ್ತೀರಲ್ಲ, ನನ್ನ ದೃಷ್ಟಿಯಲ್ಲಿ ಅದು ವಿಶ್ವಾಸವೇ. ಕೈ ಹಿಡಿಯಲು ಇನ್ನಿಬ್ಬರು ಬೇಕು, ಅಷ್ಟೆ. ಪಾರ್ಶ್ವವಾಯು ರೋಗಿಯನ್ನು ನಾಲ್ವರು ಹೊತ್ತು ತಂದು ಮಾಳಿಗೆಯಿಂದ ಇಳಿಸಿದಾಗ ಯೇಸು ‘ಅವರ’, ಎಂದರೆ ಹೊತ್ತು ತಂದವರ, ವಿಶ್ವಾಸವನ್ನು ಕಂಡರೆಂದು ಮಾರ್ಕನು ಬರೆಯುತ್ತಾನೆ. ಆದ್ದರಿಂದ ನಿಮ್ಮ ವಾಳೆಯ (ಚರ್ಚಿನ ನೆರೆಹೊರೆಯ ಘಟಕದ) ಮುಖ್ಯಸ್ಥರಾದ ಗುರಿಕಾರರಿಗೆ ತಿಳಿಸಿ, ವಾರಕ್ಕೊಮ್ಮೆಯಾದರೂ ನೆರೆಯವರು ನಿಮ್ಮ ಮನೆಗೆ ಬಂದು ತೇರ್ಸ್ ನಡೆಸಿಕೊಡಲಿ. ನೀವು ಸುಮ್ಮನೆ ಕುಳಿತಿದ್ದರೂ ಸಾಕು.

ವಿಶ್ವಾಸವು ಆರೋಗ್ಯಕ್ಕೆ ತೆರುವ ಬೆಲೆಯಲ್ಲ, ಅದೇ ದೇವರ ಕೊಡುಗೆ. ಶತಮಾನಗಳ ಕಾಲ ಇದರ ಬಗ್ಗೆ ವಾದಿಸಿದ ಕಥೋಲಿಕರೂ ಪ್ರೊಟೆಸ್ಟೆಂಟರಾದ ಲೂಥರನ್ನರೂ 1999ರ ಅಕ್ಟೋಬರ್ 31ರಂದು ಆಗ್ಸ್‌ಬರ್ಗ್‌ನಲ್ಲಿ ಸಹಿ ಹಾಕಿದ ಜಂಟಿ ಘೋಷಣೆಯಲ್ಲಿ, ನಮ್ಮ ಅರ್ಹತೆಯಿಂದಲ್ಲ, ಕೃಪೆಯಿಂದಲೇ ದೇವರು ನಮ್ಮನ್ನು ಸ್ವೀಕರಿಸುತ್ತಾರೆಂದು ಒಟ್ಟಾಗಿ ಹೇಳಿದ್ದಾರೆ.

ಇನ್ನು ಹರಕೆ. ಷರತ್ತಿನ ಮೇಲೆ ಹೊತ್ತ ಹರಕೆಯು ಆ ಷರತ್ತು ಈಡೇರದಿದ್ದರೆ ಕೊನೆಗೊಳ್ಳುತ್ತದೆಂದು 1983ರ ಧರ್ಮಸಭೆಯ ಕಾನೂನು ಸಂಹಿತೆಯ 1194ನೇ ವಿಧಿ ಹೇಳುತ್ತದೆ. ನಿಮ್ಮ ಮೇಲೆ ಯಾವ ಋಣವೂ ಇಲ್ಲ. ಆದರೂ ಅತ್ತೂರಿಗೆ ಹೋಗಬೇಕೆನಿಸಿದರೆ, ಜನವರಿಯ ಜಾತ್ರೆಯ ಜನಸಂದಣಿಯಲ್ಲಿ ಬೇಡ. ಬೇರೊಂದು ದಿನ ಬಸ್ಸಿನಲ್ಲೇ ಹೋಗಿ, ನಿಮ್ಮ ಪತಿಯ ಹೆಸರಿನಲ್ಲಿ ಒಂದು ಮೇಣದ ಬತ್ತಿ ಹಚ್ಚಿ ಬನ್ನಿ.