ಕಂಟ್ರೋಲು ಇರಬೇಕೋ, ತೆಗೆಯಬೇಕೋ?

ಪ್ರಶ್ನೆ: ಸರ್, ಎರಡನೇ ಮಹಾಯುದ್ಧ ಮುಗಿದಾಗ ಅಮೆರಿಕದ ಹೆಸರಾಂತ ಅರ್ಥಶಾಸ್ತ್ರಜ್ಞರು ಬೆಲೆ ನಿಯಂತ್ರಣ ಮುಂದುವರಿಯಲಿ ಎಂದರಂತೆ. ಜರ್ಮನಿಯಲ್ಲಿ ಆಗ ಆರ್ಥಿಕ ಆಡಳಿತ ನೋಡಿಕೊಳ್ಳುತ್ತಿದ್ದ ಎರ್ಹಾರ್ಡ್ ಅದನ್ನು ಕಿತ್ತುಹಾಕಿ ಗೆದ್ದರು ಎಂದು ಮಗಳ ಪಠ್ಯದಲ್ಲಿದೆ. ಇವರೆಲ್ಲ ಅವರವರ ಸಿದ್ಧಾಂತಕ್ಕೆ ತಕ್ಕಂತೆ ಹೇಳುವುದೇ?
– ಓದುಗರೊಬ್ಬರು, ಹಾವೇರಿ

ಉತ್ತರ: ಸಿದ್ಧಾಂತ ಇದ್ದೇ ಇರುತ್ತದೆ. ಆದರೆ 1946ರಲ್ಲಿ ನ್ಯೂಯಾರ್ಕ್ ಟೈಮ್ಸ್‌ನಲ್ಲಿ ನಿಯಂತ್ರಣದ ಪರ ನಿಂತವರನ್ನು ನೋಡಿ. ಮಾರುಕಟ್ಟೆಯಲ್ಲಿ ಸರ್ಕಾರದ ಕೈಯೂ ಬೇಕೆನ್ನುವ ಪಾಲ್ ಸ್ಯಾಮುಯೆಲ್ಸನ್ ಇದ್ದರು, ಸರಿ. ಶಿಕಾಗೊದ ಫ್ರಾಂಕ್ ನೈಟ್ ಕೂಡ ಇದ್ದರು! ಮುಕ್ತ ಮಾರುಕಟ್ಟೆಯನ್ನು ಪಾಠ ಹೇಳಿ ಬೆಳೆಸಿದವರು ಅವರು. ಎದುರಿಗಿದ್ದ ಲೆಕ್ಕವೇ ಇಬ್ಬರನ್ನೂ ಒಂದು ಕಡೆ ತಂದಿತು ಎಂದು ನಾನು ನಂಬುತ್ತೇನೆ. ಯುದ್ಧದುದ್ದಕ್ಕೂ ಜನರಿಗೆ ಸಂಬಳ ಬಂದಿತ್ತು, ಕೊಳ್ಳಲು ಕಾರಿರಲಿಲ್ಲ, ಫ್ರಿಜ್ ಇರಲಿಲ್ಲ. ದುಡ್ಡೆಲ್ಲ ಬ್ಯಾಂಕಿನಲ್ಲಿ, ಯುದ್ಧದ ಬಾಂಡುಗಳಲ್ಲಿ ಕೂತಿತ್ತು. ಕಾರ್ಖಾನೆಗಳು ಟ್ಯಾಂಕ್ ಬಿಟ್ಟು ಕಾರಿಗೆ ಹೊರಳಲು ಸಮಯ ಬೇಕಿತ್ತು. ಅಷ್ಟರೊಳಗೆ ನಿಯಂತ್ರಣ ತೆಗೆದರೆ ಆ ದುಡ್ಡೆಲ್ಲ ಇದ್ದಷ್ಟು ಸರಕಿನ ಮೇಲೆ ಬಿದ್ದು ಬೆಲೆ ಏರುತ್ತದೆ ಎಂಬುದೇ ಆ ಲೆಕ್ಕ. ಅಮೆರಿಕದ ಸಂಸತ್ತು ಕಾಯಲಿಲ್ಲ. ಜೂನ್ 30ಕ್ಕೆ ಬೆಲೆ ನಿಯಂತ್ರಣ ಕಾನೂನಿನ ಅವಧಿ ಮುಗಿಯಿತು, ಜುಲೈನಲ್ಲಿ ಮರಳಿ ಬಂದದ್ದು ಹಲ್ಲು ಕಿತ್ತ ಕಾನೂನು. 1947ರ ಮಾರ್ಚ್‌ನಲ್ಲಿ ಬೆಲೆಗಳು ಹಿಂದಿನ ಮಾರ್ಚ್‌ಗಿಂತ ಸುಮಾರು 20% ಮೇಲಿದ್ದವು.

ಜರ್ಮನಿಯ ಕತೆಯಲ್ಲಿ ಅರ್ಧ ಬಿಟ್ಟುಹೋಗುತ್ತದೆ. 1948ರ ಜೂನ್ 20, ಭಾನುವಾರ. ಅಮೆರಿಕ, ಬ್ರಿಟನ್, ಫ್ರಾನ್ಸ್‌ಗಳ ಹಿಡಿತದಲ್ಲಿದ್ದ ಪಶ್ಚಿಮ ವಲಯಗಳಲ್ಲಿ ಹಳೆಯ ಹಣದ ಬದಲು ಹೊಸ ಹಣ ಬಂತು; ಜನ ಸಾಲಾಗಿ ನಿಂತು ತಲೆಗೆ 40 ಹೊಸ ಮಾರ್ಕ್ ಪಡೆದರು. ಬ್ಯಾಂಕಿನಲ್ಲಿದ್ದ 100 ಹಳೆಯ ಮಾರ್ಕಿಗೆ ಕೊನೆಗೆ ದಕ್ಕಿದ್ದು ಆರೂವರೆ. ಅಂದರೆ ಎರ್ಹಾರ್ಡ್ ಬೆಲೆಗಳ ಹಗ್ಗ ಸಡಿಲಿಸಿದ್ದು ಹೆಚ್ಚಿನ ದುಡ್ಡನ್ನು ಹಿಂದಕ್ಕೆ ಎಳೆದುಕೊಂಡ ಹೊತ್ತಿನಲ್ಲೇ. ನಿನ್ನೆಯವರೆಗೆ ಸಿಗರೇಟೇ ನಾಣ್ಯವಾಗಿದ್ದ ಊರುಗಳಲ್ಲಿ ಸೋಮವಾರ ಅಂಗಡಿ ಗಾಜಿನ ಹಿಂದೆ ಪಾತ್ರೆ, ಬೂಟು ಕಂಡವು. ಉಳಿತಾಯ ಕರಗಿದ ಮುದುಕರಿಗೆ ಅದು ಗೆಲುವಾಗಿರಲಿಲ್ಲ. ಬೆಲೆಯೂ ಏರಿತು, ನವೆಂಬರ್ 12ಕ್ಕೆ ಕಾರ್ಮಿಕರು ಸಾರ್ವತ್ರಿಕ ಮುಷ್ಕರ ಹೂಡಿದರು.

ನಮ್ಮಲ್ಲಿ? ಗಾಂಧೀಜಿ ಆಹಾರದ ಕಂಟ್ರೋಲು ತೆಗೆಯಿರಿ ಎಂದು ಪ್ರಾರ್ಥನಾ ಸಭೆಗಳಲ್ಲಿ ಕೇಳಿದರು. ಕಾಳಸಂತೆಯ ಬಗ್ಗೆ ಅವರಿಗಿದ್ದ ನೋವು ನಿಜ. 1947ರ ಡಿಸೆಂಬರ್‌ನಲ್ಲಿ ಸರ್ಕಾರ ಒಪ್ಪಿತು. ಆದರೆ ಯುದ್ಧಕಾಲದಲ್ಲಿ ಅಚ್ಚಾದ ನೋಟುಗಳು ಹಾಗೇ ಓಡಾಡುತ್ತಿದ್ದವು, ಧಾನ್ಯ ಸಾಲದು. ತಿಂಗಳುಗಳಲ್ಲೇ ಬೆಲೆ ಜಿಗಿಯಿತು, 1948ರಲ್ಲೇ ಕಂಟ್ರೋಲು ಮರಳಿತು. ರೇಷನ್ ಕಾರ್ಡನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡು ಸಾಲಿನಲ್ಲಿ ನಿಂತ ನಮ್ಮಮ್ಮ ಸಾಯುವವರೆಗೂ ಅದನ್ನು ‘ಕಂಟ್ರೋಲ್ ಅಂಗಡಿ’ ಎಂದೇ ಕರೆದಳು.

ಮಗಳ ಪಠ್ಯದಲ್ಲಿ ಆ 40 ಮಾರ್ಕಿನ, ಆರೂವರೆಯ ಮಾತು ಇದೆಯೇ ನೋಡಲು ಹೇಳಿ. ಇಲ್ಲದಿದ್ದರೆ ಪುಟದ ಅಂಚಿನಲ್ಲಿ ಪೆನ್ಸಿಲಿನಿಂದ ಬರೆದುಕೊಳ್ಳಲಿ.