ರಾತ್ರಿ ಮೈನಸ್ ತೋರಿಸುವ ಪೈರಾನೋಮೀಟರ್

ಪ್ರಶ್ನೆ: ಸೋಲಾರ್ ಪ್ಲಾಂಟಿನಲ್ಲಿ ಬಿಸಿಲು ಅಳೆಯಲು ಎರಡು ಗಾಜಿನ ಗುಮ್ಮಟದ ಪೈರಾನೋಮೀಟರನ್ನು ಸಪಾಟಾಗಿ ಕೂಡಿಸಿದ್ದಾರೆ. ರಾತ್ರಿ ಅದು ಮೈನಸ್ 4 ವ್ಯಾಟ್ ತೋರಿಸುತ್ತದೆ. ಬಿಸಿಲು ಸ್ವಚ್ಛವಿದ್ದಾಗಲೂ ಬೆಳಿಗ್ಗೆ 10ಕ್ಕಿಂತ ಮಧ್ಯಾಹ್ನ 2ಕ್ಕೆ ರೀಡಿಂಗ್ ಹೆಚ್ಚು. ಮೀಟರ್ ಕೆಟ್ಟಿದೆಯೇ?
- ಓದುಗರೊಬ್ಬರು, ಇಂಡಿ, ವಿಜಯಪುರ ಜಿಲ್ಲೆ

ಉತ್ತರ: ರಾತ್ರಿಯ ಮೈನಸ್ ದೋಷವಲ್ಲ. ಗುಮ್ಮಟದೊಳಗೆ ಕಪ್ಪು ಬಳಿದ ಬಿಲ್ಲೆ, ಅದರಡಿ ಥರ್ಮೋಪೈಲ್ ಇರುತ್ತದೆ. ಬಿಲ್ಲೆಗೂ ಮೀಟರಿನ ಲೋಹದ ಮೈಗೂ ಇರುವ ಶಾಖದ ವ್ಯತ್ಯಾಸವೇ ಮೈಕ್ರೋವೋಲ್ಟ್ ಆಗಿ ಹೊರಬರುತ್ತದೆ. ಮೋಡವಿಲ್ಲದ ರಾತ್ರಿ ಗಾಜು ಆಕಾಶಕ್ಕೆ ಶಾಖ ಬಿಟ್ಟು ತಣ್ಣಗಾಗುತ್ತದೆ, ಬಿಲ್ಲೆ ಗಾಜಿಗೆ ಶಾಖ ಕೊಟ್ಟು ಮೈಗಿಂತ ತಂಪಾಗುತ್ತದೆ, ವೋಲ್ಟೇಜ್ ತಿರುಗುಮುರುಗಾಗುತ್ತದೆ. ಮೋಡ ಕವಿದರೆ ಮೈನಸ್ ಕುಗ್ಗುವುದನ್ನು ನೀವೇ ನೋಡಬಹುದು. ಚಳಿಗಾಲದ ನಿಚ್ಚಳ ರಾತ್ರಿಯಿಡೀ ಕರಾರುವಾಕ್ಕಾಗಿ 0 ಬಂದರೇ ಅನುಮಾನಪಡಬೇಕು: ರೀಡಿಂಗ್ ದಾಖಲಿಸುವ ಲಾಗರ್ ಮೈನಸ್ ಅಳಿಸುತ್ತಿರಬಹುದು, ಇಲ್ಲವೇ ವಯರ್ ಕಡಿದಿರಬಹುದು.

ಹಗಲಿನ ವಿಷಯಕ್ಕೆ ಬಂದರೆ, ಮೊದಲು ಗಡಿಯಾರದ ಲೆಕ್ಕ ಸರಿಮಾಡಿಕೊಳ್ಳಿ. ನಮ್ಮ ಗಡಿಯಾರ 82.5 ಡಿಗ್ರಿ ರೇಖಾಂಶದ್ದು, ಇಂಡಿ ಇರುವುದು ಸುಮಾರು 76ರಲ್ಲಿ. ಹಾಗಾಗಿ ನಿಮ್ಮಲ್ಲಿ ಹೊತ್ತು ನೆತ್ತಿಗೇರುವುದು 12ಕ್ಕಲ್ಲ, ತಿಂಗಳಿಗೆ ತಕ್ಕಂತೆ ಸುಮಾರು 12:10ರಿಂದ 12:40ರೊಳಗೆ. ಆ ದಿನ ಅದು 12:26 ಆಗಿದ್ದರೆ 10:26ನ್ನು 2:26ಕ್ಕೆ ಹೋಲಿಸಿ. 10ಕ್ಕೂ 2ಕ್ಕೂ ಹೋಲಿಸಿದರೆ ಒಳ್ಳೆಯ ಮೀಟರೂ ಬೆಳಿಗ್ಗೆ ಕಡಿಮೆಯನ್ನೇ ತೋರಿಸುತ್ತದೆ!

ಹೀಗೆ ನೋಡಿದ ಮೇಲೂ ಮಧ್ಯಾಹ್ನದ್ದು ಹೆಚ್ಚಾದರೆ ಮೀಟರ್ ಪಶ್ಚಿಮಕ್ಕೆ ವಾಲಿರಬಹುದು. ರಸಮಟ್ಟದ ಗುಳ್ಳೆ ಉಂಗುರದ ನಡುವೆ ಬರುವಂತೆ ಕಾಲಿನ ಸ್ಕ್ರೂ ತಿರುಗಿಸಿ. ಸೂರ್ಯ 20 ಡಿಗ್ರಿ ಎತ್ತರದಲ್ಲಿದ್ದಾಗ ಅತ್ತ ಕಡೆಗೆ ಒಂದೇ ಡಿಗ್ರಿ ವಾಲಿದರೂ ನೇರ ಬಿಸಿಲಿನ ಅಳತೆಯಲ್ಲಿ ಸುಮಾರು ಶೇ. 5 ತಪ್ಪುತ್ತದೆ.

ಇಡೀ ದಿನ ಒಂದೇ ಪ್ರಮಾಣದಲ್ಲಿ ವ್ಯತ್ಯಾಸವಿದ್ದರೆ ಲಾಗರಿಗೆ ಕೊಟ್ಟ ಸಂವೇದನಾಂಕ, ಅಂದರೆ ಚದರ ಮೀಟರಿಗೆ ಒಂದು ವ್ಯಾಟ್ ಬಿಸಿಲಿಗೆ ಎಷ್ಟು ಮೈಕ್ರೋವೋಲ್ಟ್ ಎಂಬ ಅಂಕಿ, ಪರಿಶೀಲಿಸಿ. ಮೀಟರಿನ ಮೇಲೆ ಅದು 9 ಮೈಕ್ರೋವೋಲ್ಟ್ ಎಂದು ಬರೆದಿದ್ದರೆ, ವಯರ್ ಬಿಡಿಸಿ ಮಲ್ಟಿಮೀಟರ್ ಹಿಡಿದಾಗ ಬರುವ 7.2 ಮಿಲಿವೋಲ್ಟಿಗೆ ಚದರ ಮೀಟರಿಗೆ 800 ವ್ಯಾಟ್ ಆಗಬೇಕು.

ಎರೆಮಣ್ಣಿನ ಧೂಳನ್ನು ಒಣಬಟ್ಟೆಯಿಂದ ಎಂದೂ ತಿಕ್ಕಬೇಡಿ, ಗಾಜಿಗೆ ಗೀರು ಬೀಳುತ್ತದೆ. ಬೋರ್ ನೀರೂ ಬೇಡ, ಆರಿದ ಮೇಲೆ ಉಪ್ಪಿನ ಕಲೆ ಉಳಿಯುತ್ತದೆ. ಹೊತ್ತು ಮೂಡುವ ಮೊದಲು ಡಿಸ್ಟಿಲ್ಡ್ ವಾಟರ್ ಸುರಿದು ಧೂಳು ಹರಿಸಿ, ಮೆತ್ತನೆಯ ಹತ್ತಿ ಬಟ್ಟೆಯಿಂದ ಒತ್ತಿ ಒರೆಸಿ. ಒಳಗಡೆ ಮಂಜು ಕಂಡರೆ ಸಿಲಿಕಾ ಜೆಲ್ ತೇವ ಕುಡಿದು ಮುಗಿದಿದೆ, ಹರಳುಗಳ ಕಿತ್ತಳೆ ಬಣ್ಣ ಹೋಗಿದ್ದರೆ ಬದಲಿಸಿ, ಮುಚ್ಚಳದ ರಬ್ಬರ್ ವಾಷರನ್ನೂ ನೋಡಿ.