ಓದುಗರ ಪ್ರಶ್ನೆ: ಹಳೇ ಆವೃತ್ತಿಯಲ್ಲಿ ಉಳಿಸಿಕೊಳ್ಳುವುದು ಯಾವುದು, ಬಿಡುವುದು ಯಾವುದು?

ಪ್ರಶ್ನೆ: ದಾಳ ಹಾಕಿ ಪಾತ್ರ ವಹಿಸಿ ಆಡುವ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಟದ ಎರಡನೇ ಆವೃತ್ತಿಯ (1989) ಪುಸ್ತಕ ಕೈಗೆ ಸಿಕ್ಕಿದೆ. ಕವಚ ಗಟ್ಟಿಯಾದಷ್ಟೂ ಎಸಿ (ಆರ್ಮರ್ ಕ್ಲಾಸ್, ಅಂದರೆ ರಕ್ಷಣೆಯ ಅಂಕ) ಇಳಿಯುತ್ತದಂತೆ! ಥ್ಯಾಕೊ ಲೆಕ್ಕವಂತೂ ತಲೆಗೇ ಹೋಗುತ್ತಿಲ್ಲ.
— ಬಸವನಗುಡಿಯ ಓದುಗರು

ಉತ್ತರ: ಎಸಿ ಸೊನ್ನೆ ಇರುವ ಎದುರಾಳಿಗೆ ಏಟು ತಗಲಲು ಇಪ್ಪತ್ತು ಮುಖದ ದಾಳದಲ್ಲಿ ಎಷ್ಟು ಬೀಳಬೇಕೋ ಅದೇ ಥ್ಯಾಕೊ. ಅದರಲ್ಲಿ ಎದುರಾಳಿಯ ಎಸಿ ಕಳೆಯಿರಿ. ಥ್ಯಾಕೊ 17, ಎಸಿ 4 ಇದ್ದರೆ 13 ಅಥವಾ ಹೆಚ್ಚು ಬೀಳಬೇಕು. ಎಸಿ ಮೈನಸ್ 2 ಆದರೆ ಕಳೆಯುವ ಬದಲು ಕೂಡಬೇಕು, 19. ಜನ ಎಡವುವುದು ಇಲ್ಲೇ.

ಬೇಡವೆನಿಸಿದರೆ ಲೆಕ್ಕ ತಿರುಗಿಸಿ. 20ರಲ್ಲಿ ಥ್ಯಾಕೊ ಕಳೆದರೆ ದಾಳಕ್ಕೆ ಕೂಡಿಸುವ ಅಂಕ (ಇಲ್ಲಿ 3), 20ರಲ್ಲಿ ಎಸಿ ಕಳೆದರೆ ಏರುವ ಕ್ರಮದ ಎಸಿ (ಇಲ್ಲಿ 16). ಆಗಲೂ 13 ಬಿದ್ದರೇ ಏಟು (13ಕ್ಕೆ 3 ಕೂಡಿದರೆ 16). ಆದರೆ ಇದೇ ಆಟದ ಸರಳ ರೂಪವಾದ 1981ರ ಬೇಸಿಕ್ ಪುಸ್ತಕದಲ್ಲಿ ಬರಿಮೈಯ ಎಸಿ 10 ಅಲ್ಲ, 9. ಅದಕ್ಕೆ ಎರಡೂ ಕಡೆ 20ರ ಬದಲು 19 ಹಾಕಿ. ಒಂದು ಕಡೆ 19, ಇನ್ನೊಂದು ಕಡೆ 20 ಹಾಕಿದರೆ ಎಲ್ಲರ ಲೆಕ್ಕವೂ ಒಂದಂಕ ತಪ್ಪುತ್ತದೆ, ಅದು ಬೇಗ ಕಣ್ಣಿಗೂ ಬೀಳುವುದಿಲ್ಲ.

2000ದ ಮೂರನೇ ಆವೃತ್ತಿ ಥ್ಯಾಕೊ ಕೈಬಿಟ್ಟದ್ದಕ್ಕೆ ನಮಗೇನೂ ಬೇಸರವಿಲ್ಲ.

ಪ್ರಶ್ನೆ: ನಾವು ಐದನೇ ಆವೃತ್ತಿ ಆಡಿದವರು. ಮೊನ್ನೆ 1981ರ ನಿಯಮ ಹಿಡಿದು ಗುಹೆಗೆ ನುಗ್ಗಿದೆವು. ಮೊದಲ ಗಾಬ್ಲಿನ್ (ಕುಳ್ಳ ರಾಕ್ಷಸರು) ಗುಂಪಿಗೇ ಎಲ್ಲರೂ ಸತ್ತರು. ಇದರಲ್ಲಿ ಮಜಾ ಎಲ್ಲಿದೆ?
— ಜಯನಗರದ ಓದುಗರು

ಉತ್ತರ: ಕಂಡ ಕೂಡಲೇ ಕತ್ತಿ ಹಿರಿದಿರಿ, ಅಲ್ಲವೇ? ಈ ನಿಯಮದಲ್ಲಿ ಮೊದಲ ಹಂತದ ಮಂತ್ರವಾದಿಗೆ ನಾಲ್ಕು ಮುಖದ ಒಂದು ದಾಳದಷ್ಟೇ ಜೀವಾಂಕ, ಯೋಧನಿಗೆ ಎಂಟು ಮುಖದ್ದು. ಸೊನ್ನೆಗಿಳಿದರೆ ಸಾವೇ, ಐದನೇ ಆವೃತ್ತಿಯ ಹಾಗೆ ಬದುಕುಳಿಯಲು ದಾಳ ಹಾಕುವ ಅವಕಾಶ ಇಲ್ಲ.

ಈಗ ಅನುಭವಾಂಕದ ಕಡೆ ನೋಡಿ. ಯೋಧ ಎರಡನೇ ಹಂತಕ್ಕೆ ಏರಲು 2,000 ಬೇಕು. ಒಂದು ಗಾಬ್ಲಿನ್ ಕೊಂದರೆ ಇಡೀ ಗುಂಪಿಗೆ ಸೇರಿ 5. ಅದೇ ಗುಹೆಯಿಂದ ಸುರಕ್ಷಿತವಾಗಿ ಹೊರತಂದ ಒಂದೊಂದು ಚಿನ್ನದ ನಾಣ್ಯಕ್ಕೂ 1. ಕಾದಾಡದೆ 400 ನಾಣ್ಯ ಎತ್ತಿಕೊಂಡು ಬಂದರೆ 80 ಗಾಬ್ಲಿನ್ ಕೊಂದಷ್ಟು ಲಾಭ. ಹಾಗಾಗಿ ಇದು ಕಳ್ಳತನದ ಆಟ, ಯುದ್ಧದ್ದಲ್ಲ. ಎರಡನೇ ಆವೃತ್ತಿ ಚಿನ್ನದ ಅನುಭವಾಂಕವನ್ನು ಬೇಕಾದರೆ ಬಳಸಿ ಎಂಬ ಪಟ್ಟಿಗೆ ತಳ್ಳಿತು. ನಮ್ಮ ಪ್ರಕಾರ ಹಳೇ ಆಟದ ಬೆನ್ನೆಲುಬು ಮುರಿದದ್ದು ಅಲ್ಲಿ.

ಡಂಜನ್ ಮಾಸ್ಟರ್ (ಆಟ ನಡೆಸುವವರು) ಎರಡು ದಾಳಗಳನ್ನು ಮರೆತಿರುವ ಸಾಧ್ಯತೆಯೂ ಇದೆ. ಎದುರಾದ ಕೂಡಲೇ ಆರು ಮುಖದ ಎರಡು ದಾಳ ಹಾಕಿ ರಾಕ್ಷಸರ ಮನಸ್ಸು ತಿಳಿಯಬೇಕು. ತಕ್ಷಣ ಮೇಲೆ ಬೀಳುವುದು 2 ಬಿದ್ದಾಗ ಮಾತ್ರ. 6ರಿಂದ 8 ಬಿದ್ದರೆ ಅವರೂ ಅನುಮಾನದಲ್ಲಿದ್ದಾರೆ, ಮಾತಿಗೆ ಅವಕಾಶವಿದೆ. ಎರಡನೆಯದು ಧೈರ್ಯದ ದಾಳ, ಇದಕ್ಕೂ ಆರು ಮುಖದ ಎರಡು. ಅವರ ಕಡೆ ಮೊದಲ ಹೆಣ ಬಿದ್ದಾಗ ಒಮ್ಮೆ, ಅರ್ಧ ಗುಂಪು ಬಿದ್ದಾಗ ಇನ್ನೊಮ್ಮೆ. ಗಾಬ್ಲಿನ್ ಧೈರ್ಯ 7. ಅದಕ್ಕಿಂತ ಹೆಚ್ಚು ಬಿದ್ದರೆ ಓಟ. ಅಂದರೆ ಪ್ರತಿ ಸಲವೂ 36ರಲ್ಲಿ 15 ಪಾಲು ಓಡುತ್ತಾರೆ. ಇದನ್ನು ಬಿಟ್ಟರೆ ಪ್ರತಿ ಗಾಬ್ಲಿನ್ನೂ ಕೊನೆಯುಸಿರಿನವರೆಗೆ ಕಾದುತ್ತದೆ, ಸಾಯುವವರು ನೀವು.

ಇನ್ನು ಸಮಯ. ಗ್ರಾಫ್ ಹಾಳೆಯಲ್ಲಿ ಸಾಲಿಗೆ ಆರರಂತೆ ಚೌಕ ಬರೆಯಿರಿ. ಒಂದು ಚೌಕ ಅಂದರೆ ಹತ್ತು ನಿಮಿಷದ ಒಂದು ಸರದಿ: ಒಂದು ಜಾಗ ತಡಕುವುದೋ, ಕವಚವಿಲ್ಲದೆ 120 ಅಡಿ ನಡೆಯುವುದೋ. 2, 4, 6ನೇ ಚೌಕದಲ್ಲಿ ಆರು ಮುಖದ ಒಂದು ದಾಳ ಹಾಕಿ. 1 ಬಿದ್ದರೆ ಅಲೆಮಾರಿ ರಾಕ್ಷಸರು ಬಂದರು. ಆರನೆಯದು ವಿಶ್ರಾಂತಿಯ ಚೌಕವೂ ಹೌದು, ಒಂದು ಪಂಜು ಆರಿಹೋಗುವುದೂ ಅಲ್ಲೇ. ಆ ಹಾಳೆಯನ್ನು ಮೇಜಿನ ನಡುವೆ ಎಲ್ಲರಿಗೂ ಕಾಣುವಂತೆ ಇಡಿ. ನಾಲ್ಕನೇ ಪಂಜು ಹೊತ್ತಿಸುವಾಗ ‘ಇನ್ನೊಂದು ಕೋಣೆ ನೋಡೋಣವಾ, ವಾಪಸ್ ಹೋಗೋಣವಾ’ ಎಂಬ ಜಗಳ ತಾನಾಗಿ ಶುರುವಾಗುತ್ತದೆ. ನೀವು ಕೇಳಿದ ಮಜಾ ಅದೇ. ಧೈರ್ಯದ ದಾಳವನ್ನೂ ಈ ಹಾಳೆಯನ್ನೂ ಐದನೇ ಆವೃತ್ತಿಗೆ ಒಯ್ದರೆ ಅಲ್ಲೂ ಚೆನ್ನಾಗಿ ನಡೆಯುತ್ತವೆ. ಚಿನ್ನದ ಲೆಕ್ಕ ಒಯ್ಯಬೇಡಿ, ಹಂತದ ಪಟ್ಟಿಯೇ ಬೇರೆ.

ಪ್ರಶ್ನೆ: ಹಳೇ ಡಬ್ಬಿಯ ಇಪ್ಪತ್ತು ಮುಖದ ದಾಳದಲ್ಲಿ 0ಯಿಂದ 9 ಎರಡೆರಡು ಸಲ ಇದೆ. ತಯಾರಿಕೆಯ ದೋಷವೇ?
— ಮಲ್ಲೇಶ್ವರದ ಓದುಗರು

ಉತ್ತರ: ಅಲ್ಲ, ಆರಂಭದ ದಾಳಗಳು ಹಾಗೇ ಬರುತ್ತಿದ್ದವು. ಜೊತೆಗೆ ಆರು ಮುಖದ್ದೊಂದನ್ನು ಹಾಕಿ. ಅದರಲ್ಲಿ 1–3 ಬಂದರೆ ಅಂಕ ಇದ್ದ ಹಾಗೆ, 4–6 ಬಂದರೆ ಹತ್ತು ಕೂಡಿಸಿ. 0 ಅಂದರೆ 10.

ಪ್ರಶ್ನೆ: ದುಡ್ಡು ಕೊಟ್ಟು ಕೊಂಡ ಪಿಡಿಎಫ್‌ನ ನಕ್ಷೆಯನ್ನು ಝೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ಹಾಕಿಸಿದರೆ ಒಂದಿಂಚಿನ ಚೌಕ ಚಿಕ್ಕದಾಗಿ ಬರುತ್ತದೆ.
— ವಿಜಯನಗರದ ಓದುಗರು

ಉತ್ತರ: ಅಮೆರಿಕದ ಲೆಟರ್ ಹಾಳೆಯ ಅಗಲ 216 ಮಿಲಿಮೀಟರ್, ನಮ್ಮ ಎ4 210. ‘ಫಿಟ್’ ಆಯ್ಕೆಯಲ್ಲಿ ನಕ್ಷೆ ಸುಮಾರು ಶೇ 3ರಷ್ಟು ಕುಗ್ಗುತ್ತದೆ. ‘ಆಕ್ಚುಯಲ್ ಸೈಜ್’ ಹಾಕಿ ಅಂತ ಅಂಗಡಿಯವರಿಗೆ ಮೊದಲೇ ಹೇಳಿ. ನಕ್ಷೆ ಅಂಚಿನವರೆಗೂ ಇದ್ದರೆ ಎ3 ಹಾಳೆಯಲ್ಲಿ ತೆಗೆಸಿ ಕತ್ತರಿಸಿ. ಒಂದು ಹಾಳೆ ಬಂದ ಮೇಲೆ ಸ್ಕೇಲ್ ಇಟ್ಟು ನೋಡಿ. ಹತ್ತು ಚೌಕ ಸೇರಿ 254 ಮಿಲಿಮೀಟರ್ ಇದ್ದರೆ ಉಳಿದವನ್ನು ತೆಗೆಸಿ.